ಮಿಸ್ಟರ್ ತುರುವೇಕೆರೆಯ ಹನ್ನೆರಡನೇ ಪತ್ರ

ಸೇಂಟ್ ಪೀಟರ್ಸ್‌ಬರ್ಗಿನ ಆ ಖಾಸಗಿ ಪ್ರವಾಸ ಕಂಪನಿಯ ಮಾಲೀಕರಿಗೆ,

ಮಾನ್ಯರೇ,

2019ರಲ್ಲಿ ಹನ್ನೊಂದು ಇಮೇಲ್ ಬರೆದು ನಿಮ್ಮ ಪ್ರಾಣ ತಿಂದ ಬೆಂಗಳೂರಿನ ನಿವೃತ್ತ ಬ್ಯಾಂಕ್ ಮ್ಯಾನೇಜರ್ ನಾನು. ನೆನಪಾಗಲಿಲ್ಲವೇ? ಬಂದರಿನಲ್ಲಿ ನಿಮ್ಮ ಗೈಡು 'ಮಿಸ್ಟರ್ ತುರುವೇಕೆರೆ' ಅಂತ ಬೋರ್ಡು ಹಿಡಿದು ನಿಂತಿದ್ದರಲ್ಲ, ಆ ತುರುವೇಕೆರೆ ನಾನೇ. ಅದು ನನ್ನ ಹೆಸರಲ್ಲ, ನಮ್ಮೂರಿನ ಹೆಸರು. ಆ ಕಥೆ ಆಮೇಲೆ ಹೇಳುತ್ತೇನೆ. ಸದ್ಯಕ್ಕೆ ಈ ಪತ್ರ ಬರೆಯುತ್ತಿರುವುದು ಕ್ಷಮೆ ಕೇಳುವುದಕ್ಕೆ. ನಿಮಗೊಬ್ಬರಿಗೇ ಬರೆದರೆ ಸಾಕಿತ್ತು. ಆದರೆ ನಿಮ್ಮನ್ನು ಕಳ್ಳರು ಅಂತ ಅಂದದ್ದು ಹತ್ತು ಜನರ ಮುಂದೆ. ತಪ್ಪೊಪ್ಪಿಗೆಯೂ ಹತ್ತು ಜನರ ಮುಂದೆಯೇ ಆಗಲಿ.

ಐಂಡ್‌ಹೋವನ್‌ನಲ್ಲಿರುವ ಮಗಳು ನಮ್ಮಿಬ್ಬರನ್ನು ಬಾಲ್ಟಿಕ್ ಸಮುದ್ರದ ಹಡಗು ಪ್ರವಾಸಕ್ಕೆ ಕಳಿಸಿದ್ದಳು. ಕೋಪನ್‌ಹೇಗನ್, ಟ್ಯಾಲಿನ್, ಹೆಲ್ಸಿಂಕಿ, ಸ್ಟಾಕ್‌ಹೋಮ್‌ಗಳಲ್ಲಿ ಹಡಗಿನಿಂದ ಇಳಿದು ಸುಮ್ಮನೆ ನಡೆದುಕೊಂಡು ಹೋಗಬಹುದು. ನಿಮ್ಮೂರಿನಲ್ಲಿ ಅದು ನಡೆಯುತ್ತಿರಲಿಲ್ಲ. ರಷ್ಯಾದ ವೀಸಾ ಬೇಕಿತ್ತು; ಇಲ್ಲದವರಿಗೆ 2009ರಲ್ಲಿ ಬಂದ 72 ಗಂಟೆಯ ರಿಯಾಯಿತಿ. ಪರವಾನಗಿ ಇರುವ ಪ್ರವಾಸ ಸಂಸ್ಥೆಯ ಟಿಕೆಟ್ ಕೈಯಲ್ಲಿರಬೇಕಿತ್ತು, ಗೈಡಿನ ಬೆನ್ನು ಬಿಡುವಂತಿರಲಿಲ್ಲ. ಹಡಗಿನವರೇ ನಡೆಸುವ ಟೂರಿಗೆ ಹೋದರೆ ಯಾರೂ ಏನೂ ಕೇಳುತ್ತಿರಲಿಲ್ಲ, ಏಕೆಂದರೆ ಕೇಳಬೇಕಾದ್ದೆಲ್ಲ ಅವರ ಬಳಿ ಮೊದಲೇ ಇರುತ್ತಿತ್ತು. ದರ ಮಾತ್ರ ದುಬಾರಿ, ಬಸ್ಸಿನ ತುಂಬ ಜನ. ನಿಮ್ಮದು ಸಣ್ಣ ವ್ಯಾನು, ಕಡಿಮೆ ದರ. ಆದರೆ ಟಿಕೆಟ್ ಬರೆಯುವುದಕ್ಕೆ ಹೆಸರು, ಹುಟ್ಟಿದ ದಿನ, ಯಾವ ದೇಶದವರು, ಪಾಸ್‌ಪೋರ್ಟ್ ನಂಬರು, ಅದರ ಅವಧಿ ಇಷ್ಟನ್ನೂ ನಾವು ಮುಂಚೆಯೇ ಕಳಿಸಬೇಕಿತ್ತು.

ದುಡ್ಡು? ಒಂದು ರೂಬಲ್ಲೂ ಮುಂಗಡ ಬೇಡ, ಎರಡನೇ ದಿನ ಸಂಜೆ ಕೊಟ್ಟರಾಯಿತು ಅಂದಿರಿ. ನನ್ನ ತಲೆಯಲ್ಲಿ ಹುಳ ಬಿಟ್ಟದ್ದು ಅದೇ ಮಾತು. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಕೂತವನು ನಾನು. ದುಡ್ಡು ಕೇಳುವವನ ಲೆಕ್ಕ ನನಗೆ ಗೊತ್ತಾಗುತ್ತದೆ. ದುಡ್ಡು ಬೇಡ, ನಂಬರ್ ಕೊಡು ಅನ್ನುವವನನ್ನು ಯಾವ ಧೈರ್ಯದ ಮೇಲೆ ನಂಬುವುದು?

ಹಾಗಾಗಿ ಬರೆದೆ. ಮೊದಲನೇ ಇಮೇಲಿನಲ್ಲಿ ನಂಬರ್ ಏಕೆ ಬೇಕು ಅಂತ ಕೇಳಿದೆ. ಎರಡರಲ್ಲಿ, ಯಾವ ಕಾನೂನಿನ ಯಾವ ಕಲಂ? ಐದರಲ್ಲಿ ನಿಮ್ಮ ಪರವಾನಗಿಯ ಪ್ರತಿ ತರಿಸಿಕೊಂಡೆ. ಅದು ರಷ್ಯನ್ ಭಾಷೆಯಲ್ಲಿತ್ತು, ಆದರೂ ಪೂರ್ತಿ ಓದಿದೆ. ಏಳರಲ್ಲಿ, ಕೊನೆಯ ನಾಲ್ಕು ಅಂಕಿ ಮಾತ್ರ ಕೊಟ್ಟರೆ ಸಾಲದೇ ಅಂದೆ. ಒಂಬತ್ತರಲ್ಲಿ, ಪಾಸ್‌ಪೋರ್ಟ್ ನನ್ನದಲ್ಲ, ಭಾರತ ಸರ್ಕಾರದ ಆಸ್ತಿ, 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಂ ನೋಡಿಕೊಳ್ಳಿ ಅಂತ ಎಚ್ಚರಿಸಿದೆ. ನಿಮ್ಮ ಆಫೀಸಿನ ಆ ಹೆಣ್ಣುಮಗಳು ಪ್ರತಿ ಸಲವೂ ಎರಡೇ ಸಾಲು ಬರೆಯುತ್ತಿದ್ದಳು. ನಂಬರ್ ನಮಗಲ್ಲ ಸರ್, ಬಂದರಿನ ಗಡಿ ಅಧಿಕಾರಿಗೆ ಬೇಕು. ಜೊತೆಗೊಂದು ನಗುವ ಮುಖ. ಆ ನಗುವ ಮುಖವೂ ನನಗೆ ಸರಿ ಕಾಣಲಿಲ್ಲ.

ಕೊನೆಗೆ ಮನೆಯವರ ಸಲಹೆ ಕೇಳೋಣ ಅಂತ ತೀರ್ಮಾನಿಸಿದೆ. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಆಗ ನಲವತ್ಮೂರು ಜನ. ಅದರಲ್ಲಿ ಏಳು ಜನರನ್ನು ನಾನು ಕಣ್ಣಾರೆ ನೋಡಿಲ್ಲ. ಒಬ್ಬರು ಯಾರ ಕಡೆಯವರು ಅನ್ನುವುದೇ ಯಾರಿಗೂ ಗೊತ್ತಿಲ್ಲ, ಬೆಳಿಗ್ಗೆ ಶುಭೋದಯ ಕಳಿಸುತ್ತಾರೆ ಅಂತ ಇಟ್ಟುಕೊಂಡಿದ್ದೇವೆ. ಬರೀ ಪ್ರಶ್ನೆ ಹಾಕಿದರೆ ಅರ್ಥವಾಗಲಿಕ್ಕಿಲ್ಲ ಅಂತ ಪಾಸ್‌ಪೋರ್ಟಿನ ಫೋಟೋ ತೆಗೆದು ಹಾಕುವುದೆಂದಾಯಿತು. ನನ್ನ ಹೆಂಡತಿ ಜಾಣೆ. "ರೀ, ನಂಬರ್ ಕಾಣತ್ತೆ, ತಡೀರಿ" ಅಂತ ಕನ್ನಡಿಯ ಮೇಲೆ ಅಂಟಿಸಿಟ್ಟಿದ್ದ ಬಿಂದಿಗಳನ್ನು ಬಿಡಿಸಿ ತಂದಳು. ಒಂದು ಅಕ್ಷರ, ಏಳು ಅಂಕಿ. ಮೂರು ಬಿಂದಿ ಹಿಡಿಯಿತು. ಕುಂಕುಮ ಬಣ್ಣದ ಆ ಬಿಂದಿಗಳ ಕೆಳಗೆ ನಂಬರು ಪೂರ್ತಿ ಮುಚ್ಚಿಹೋಗಿ, ಪಾಸ್‌ಪೋರ್ಟಿಗೆ ಆಯುಧಪೂಜೆ ಮಾಡಿದ ಹಾಗೆ ಕಾಣುತ್ತಿತ್ತು. ಫೋಟೋ ತೆಗೆದು, "ಈ ನಂಬರನ್ನು ರಷ್ಯಾದವರಿಗೆ ಕೊಡಬಹುದೇ?" ಅಂತ ಬರೆದು ಕಳಿಸಿದೆ.

ಇಪ್ಪತ್ತು ನಿಮಿಷದಲ್ಲಿ ಹದಿನೆಂಟು ಜನ ಕೂಡದು ಅಂದರು. ಹತ್ತೊಂಬತ್ತನೆಯವನು ನನ್ನ ಭಾವಮೈದುನನ ಮಗ, ಪಿಯುಸಿ ಓದುವ ಹುಡುಗ. "ಮಾವ, ಕೆಳಗಡೆ ಎರಡು ಸಾಲು ಇದೆಯಲ್ಲ, ಅದರಲ್ಲಿ ನಂಬರ್ ಇದೆ" ಅಂತ ಬರೆದು, ನಂಬರನ್ನೂ ಟೈಪ್ ಮಾಡಿ ಹಾಕಿದ. ಕನ್ನಡಕ ಹಾಕಿಕೊಂಡು ನೋಡಿದೆ. ಹೌದು. ಪುಟದ ಅಡಿಯಲ್ಲಿ ಯಂತ್ರಕ್ಕೆ ಓದಲಿಕ್ಕೆ ಅಂತ ಎರಡು ಸಾಲು, ಒಂದೊಂದರಲ್ಲೂ 44 ಅಕ್ಷರ. ನಂಬರು, ಹುಟ್ಟಿದ ದಿನ, ಅವಧಿ ಎಲ್ಲ ಅಲ್ಲಿ ಇನ್ನೊಂದು ಸಲ ಅಚ್ಚಾಗಿರುತ್ತದೆ. ನಿಮಗೆ ಮೂರು ವಾರ ಕೊಡದೆ ಕಾಪಾಡಿಕೊಂಡಿದ್ದನ್ನು ನಲವತ್ಮೂರು ಜನರಿಗೆ ಒಂದೇ ಒತ್ತಿಗೆ ಹಂಚಿದ್ದೆ. ಗಾಬರಿಯಲ್ಲಿ ಅಳಿಸಲು ಹೋಗಿ 'ನನಗೆ ಮಾತ್ರ ಅಳಿಸು' ಅನ್ನುವುದನ್ನು ಒತ್ತಿದೆ. ಈಗ ಅದು ನನ್ನೊಬ್ಬನ ಫೋನಿನಲ್ಲಿಲ್ಲ.

ಇಷ್ಟಾದ ಮೇಲೆ ಕೂತು ಯೋಚಿಸಿದೆ. ನನ್ನ ಪಾಸ್‌ಪೋರ್ಟ್ ಇನ್ನೂ ಎಲ್ಲೆಲ್ಲಿದೆ? ಷೆಂಗೆನ್ ವೀಸಾಕ್ಕೆ ಅಂತ ನಮ್ಮ ಬಡಾವಣೆಯ ಏಜೆಂಟು "ಫ್ರಂಟ್ ಬ್ಯಾಕ್ ಎರಡೂ ಕಲರ್‌ನಲ್ಲಿ ವಾಟ್ಸಾಪ್ ಮಾಡಿ ಸಾರ್" ಅಂದಿದ್ದ. ಮರುಮಾತಿಲ್ಲದೆ ಮಾಡಿದ್ದೆ. ಗಮನಿಸಿ, ನೀವು ಕೊನೆಯ ಪುಟ ಕೇಳಲೇ ಇಲ್ಲ. ಅಪ್ಪ ಅಮ್ಮನ ಹೆಸರು, ಹೆಂಡತಿಯ ಹೆಸರು, ಮನೆಯ ವಿಳಾಸ ಇರುವುದೆಲ್ಲ ಆ ಪುಟದಲ್ಲಿ. ಏಜೆಂಟನಿಗೆ ಅದರ ಜೊತೆ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ಮೂರು ವರ್ಷದ ಆದಾಯ ತೆರಿಗೆ ರಿಟರ್ನು, ಮನೆಯ ಕಂದಾಯದ ರಸೀದಿಯೂ ಹೋಗಿತ್ತು. ಅವನ ಹುಡುಗ ಪ್ರಿಂಟ್ ತೆಗೆಯಲು ಪಕ್ಕದ ಜೆರಾಕ್ಸ್ ಅಂಗಡಿಗೆ ಎಲ್ಲವನ್ನೂ ಇಮೇಲ್ ಮಾಡಿದ. ಆ ಅಂಗಡಿಯ ಕಂಪ್ಯೂಟರಿನ ಮುಖಪುಟದಲ್ಲಿ ನೂರಾರು ಆಧಾರ್, ಪ್ಯಾನ್, ಮಾರ್ಕ್ಸ್ ಕಾರ್ಡುಗಳ ನಡುವೆ ನನ್ನ ಮುಖ 'ಸ್ಕ್ಯಾನ್ 0047' ಎಂಬ ಹೆಸರಿನಲ್ಲಿ ಕೂತಿರುವುದನ್ನು ಕಣ್ಣಾರೆ ಕಂಡವನು ನಾನು. ಆ ಅಂಗಡಿಯವನಿಗೆ ಒಂದೂ ಇಮೇಲ್ ಬರೆಯಲಿಲ್ಲ. ಎರಡು ರೂಪಾಯಿ ಚಿಲ್ಲರೆ ಬಿಡು ಅಂದೆ, ಅಷ್ಟೇ.

ಇನ್ನು ಹಡಗು ಹತ್ತಿದ ದಿನ ಕೌಂಟರಿನವರು ಪಾಸ್‌ಪೋರ್ಟನ್ನೇ ಇಸಿದುಕೊಂಡು ಒಳಗಿಟ್ಟುಕೊಂಡರು. ನಂಬರಲ್ಲ, ಪುಸ್ತಕವನ್ನೇ. ನಾನು ಥ್ಯಾಂಕ್ಯೂ ಅಂದೆ.

ಇದನ್ನೆಲ್ಲ ನೀವು ಕ್ಷಮಿಸಬಹುದು. ನನಗೇ ಕ್ಷಮಿಸಿಕೊಳ್ಳಲು ಆಗದ್ದು ಬೇರೆ ಇದೆ. ನನ್ನ ಅನ್ನ ಹುಟ್ಟಿದ್ದೇ ಬೇರೆಯವರ ಗುರುತಿನ ಪತ್ರಗಳಿಂದ. 2002ರಲ್ಲಿ ರಿಸರ್ವ್ ಬ್ಯಾಂಕು ಕೆವೈಸಿ ಅನ್ನುವುದನ್ನು ತಂದ ಮೇಲೆ, ನನ್ನ ಮೇಜಿನ ಮುಂದೆ ಬಂದ ಪ್ರತಿಯೊಬ್ಬರಿಂದಲೂ ಎರಡೆರಡು ಜೆರಾಕ್ಸ್ ತೆಗೆದುಕೊಂಡಿದ್ದೇನೆ. ಏಕೆ ಎರಡು ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ನನಗೂ ಉತ್ತರ ಗೊತ್ತಿರಲಿಲ್ಲ. ಬಹುಶಃ ಒಂದು ಫೈಲಿಗೆ, ಇನ್ನೊಂದು ಮೊದಲನೆಯದು ಕಳೆದುಹೋದರೆ ಇರಲಿ ಅಂತ. ಎಲ್ಲವನ್ನೂ ಗಂಟು ಕಟ್ಟಿ ರೆಕಾರ್ಡ್ ರೂಮಿಗೆ ಹಾಕುತ್ತಿದ್ದೆವು. ಬೀಗ ನಮ್ಮಲ್ಲಿತ್ತು, ಗೆದ್ದಲಿಗೆ ಬೀಗದ ಹಂಗಿರಲಿಲ್ಲ. ನಿವೃತ್ತಿಯಾದ ಮೇಲೆ ಒಂದು ಸಂಜೆ ಗಾಂಧಿ ಬಜಾರಿನಲ್ಲಿ ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡೆ. ಬಜ್ಜಿ ತಿಂದು ಕಾಗದ ಬಿಡಿಸಿದರೆ, ಯಾವುದೋ ಸಾಲದ ಅರ್ಜಿಯ ಜೆರಾಕ್ಸು. ಎಣ್ಣೆ ಕುಡಿದು ಪಾರದರ್ಶಕವಾಗಿದ್ದ ಕಾಗದದಲ್ಲಿ ಮೀಸೆ ಬಿಟ್ಟ ಒಬ್ಬ ಗಂಡಸು ನನ್ನನ್ನೇ ನೋಡುತ್ತಿದ್ದ. ಕೆಳಗೆ 'ಸ್ವಯಂ ದೃಢೀಕರಿಸಲಾಗಿದೆ' ಅಂತ ಅವನದೇ ರುಜು. ನಮ್ಮ ಬ್ಯಾಂಕಿನದಲ್ಲ, ದೇವರ ದಯೆ. ಆದರೂ ಬಜ್ಜಿ ಗಂಟಲಲ್ಲಿ ಇಳಿಯಲು ಸ್ವಲ್ಪ ಹೊತ್ತಾಯಿತು.

ಗುಟ್ಟು ಕಾಯುವುದಕ್ಕೆ ಬರದಿರುವುದು ನಮ್ಮಂಥ ಸಾಮಾನ್ಯರಿಗಷ್ಟೇ ಅಂದುಕೊಳ್ಳಬೇಡಿ. 2014ರ ನವೆಂಬರಿನಲ್ಲಿ ಬ್ರಿಸ್ಬೇನಿನ ಜಿ-20 ಸಭೆಗೆ ಮುನ್ನ ಆಸ್ಟ್ರೇಲಿಯಾದ ವಲಸೆ ಇಲಾಖೆಯ ನೌಕರರೊಬ್ಬರು 31 ದೇಶನಾಯಕರ ಪಾಸ್‌ಪೋರ್ಟ್ ನಂಬರುಗಳನ್ನು ಒಂದು ಫುಟ್‌ಬಾಲ್ ಪಂದ್ಯಾವಳಿಯ ಸಂಘಟಕರಿಗೆ ಇಮೇಲ್ ಮಾಡಿಬಿಟ್ಟರು. ವಿಳಾಸದ ಮೊದಲ ಅಕ್ಷರ ಒತ್ತಿದಾಗ ಕಂಪ್ಯೂಟರು ತಾನೇ ಬೇರೊಂದು ಹೆಸರು ತುಂಬಿಕೊಟ್ಟಿತಂತೆ. ಆ ಪಟ್ಟಿಯಲ್ಲಿ ಒಬಾಮ ಇದ್ದರು, ನಿಮ್ಮ ಪುಟಿನ್ ಇದ್ದರು, ನಮ್ಮ ಮೋದಿಯವರೂ ಇದ್ದರು. ನಾಯಕರಿಗೆ ವಿಷಯ ತಿಳಿಸುವ ಅಗತ್ಯವಿಲ್ಲ ಅಂತ ಇಲಾಖೆಯೇ ತೀರ್ಮಾನಿಸಿತು. ಆಗ ಅಲ್ಲಿ ಪ್ರಧಾನಿಯಾಗಿದ್ದವರು ಟೋನಿ ಅಬಟ್. 2020ರಲ್ಲಿ ಅವರು ತಮ್ಮ ಬೋರ್ಡಿಂಗ್ ಪಾಸಿನ ಚಿತ್ರವನ್ನು ಇನ್‌ಸ್ಟಾಗ್ರಾಮಿಗೆ ಹಾಕಿದರು. ಅದರ ಮೇಲಿದ್ದ ಬುಕಿಂಗ್ ಸಂಖ್ಯೆ ಹಿಡಿದು ಒಬ್ಬ ತರುಣ ಅವರ ಪಾಸ್‌ಪೋರ್ಟ್ ನಂಬರನ್ನು ಹುಡುಕಿಬಿಟ್ಟ. ನಾವಾದರೆ ಇದನ್ನು ಕರ್ಮ ಅನ್ನುತ್ತೇವೆ. ನಮ್ಮ ಮನೆಯ ಸುದ್ದಿಯನ್ನೂ ಹೇಳಬೇಕಲ್ಲ: 2021ರಲ್ಲಿ ಏರ್ ಇಂಡಿಯಾದ ಸುಮಾರು 45 ಲಕ್ಷ ಪ್ರಯಾಣಿಕರ ವಿವರ ಸೋರಿದ್ದು ಹೊರಬಿತ್ತು. ಅದರಲ್ಲಿ ಪಾಸ್‌ಪೋರ್ಟ್ ಮಾಹಿತಿಯೂ ಇತ್ತು, ಹತ್ತು ವರ್ಷದ್ದು.

ಸರ್ಕಾರ ಎಚ್ಚರಿಸಲಿಲ್ಲ ಅನ್ನುವಂತಿಲ್ಲ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ನಮ್ಮ ಬೆಂಗಳೂರು ಕಚೇರಿಯೇ, ಆಧಾರ್ ಜೆರಾಕ್ಸನ್ನು ಕಂಡಕಂಡವರಿಗೆ ಕೊಡಬೇಡಿ, ದುರುಪಯೋಗವಾಗಬಹುದು ಅಂತ ಪ್ರಕಟಣೆ ಹೊರಡಿಸಿತು. ಎರಡೇ ದಿನಕ್ಕೆ ದೆಹಲಿಯವರು ಅದನ್ನು ಹಿಂತೆಗೆದುಕೊಂಡು, ಜನ ತಪ್ಪು ತಿಳಿದಾರು, ಸಾಮಾನ್ಯ ವಿವೇಕ ಬಳಸಿದರೆ ಸಾಕು ಅಂದರು. ಆ ಎರಡು ದಿನ ನಾನು ಯಾರಿಗೂ ಕೊಡಲಿಲ್ಲ. ಶನಿವಾರ ಭಾನುವಾರ, ಯಾರೂ ಕೇಳಲೂ ಇಲ್ಲ.

ನೀವು ನಮ್ಮೂರಿಗೆ ಬಂದರೆ ನಾವೇನು ಕೇಳುತ್ತೇವೆ ಗೊತ್ತೇ? ಮಂಗಳೂರಿನ ಪಣಂಬೂರು ಬಂದರಿಗೂ ಇಂಥ ಹಡಗುಗಳು ಬರುತ್ತವೆ. ಬೆಳಿಗ್ಗೆ ಇಳಿದು, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಒಂದು ಗೇರುಬೀಜದ ಕಾರ್ಖಾನೆ, ಕುದ್ರೋಳಿ ದೇವಸ್ಥಾನ ನೋಡಿ ಸಂಜೆಗೆ ಹಡಗು ಸೇರುತ್ತಾರೆ. ಅಷ್ಟಕ್ಕೆ ತುಂಬುವ ವೀಸಾ ಅರ್ಜಿಯಲ್ಲಿ ನಿಮ್ಮ ಧರ್ಮ, ಓದು, ಮೈಮೇಲಿನ ಗುರುತಿನ ಮಚ್ಚೆ, ತಂದೆತಾಯಿ ಹುಟ್ಟಿದ ಊರು ಇಷ್ಟೂ ಬರೆಯಬೇಕು. ನಿಮ್ಮ ಅಜ್ಜ ಅಜ್ಜಿ ಪಾಕಿಸ್ತಾನದವರೇ ಅನ್ನುವುದನ್ನೂ ಹೇಳಬೇಕು. ನೀವು ನನ್ನ ಮಚ್ಚೆಯ ಸುದ್ದಿಗೇ ಬರಲಿಲ್ಲ.

ಈಗ ಹೆಸರಿನ ಕಥೆ. ಕೊನೆಗೆ ಸೋತು ನಿಮ್ಮ ಫಾರ್ಮ್ ತುಂಬಲು ಕೂತಾಗ 'ಸರ್‌ನೇಮ್' ಎದುರು ಕೆಂಪು ನಕ್ಷತ್ರ. ನಮ್ಮ ಕಡೆ ಸರ್‌ನೇಮ್ ಇರುವುದಿಲ್ಲ ಸ್ವಾಮಿ, ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಿರಿ ಅಂದದ್ದಕ್ಕೆ ನನ್ನ ಊರು ಹೋಗಿ ಸರ್‌ನೇಮ್ ಜಾಗದಲ್ಲಿ ಕೂತಿತ್ತು. ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ. ಖಾಲಿ ಬಿಟ್ಟರೆ ನಿಮ್ಮ ಕಂಪ್ಯೂಟರು ಒಪ್ಪುತ್ತಿಲ್ಲ. ನಿಮ್ಮ ಹೆಣ್ಣುಮಗಳು, ಇದ್ದ ಹೆಸರನ್ನೇ ಎರಡು ಸಲ ಬರೆಯಿರಿ ಅಂದಳು. ಸಹಸ್ರನಾಮ ಹೇಳುವ ಹಾಗೆ ಟಿಕೆಟ್ಟಿನ ಮೇಲೆ ಅವಳ ಹೆಸರು ಎರಡು ಸಲ ಬಂತು. 1703ರಲ್ಲಿ ನಿಮ್ಮ ಊರನ್ನು ಕಟ್ಟಿಸಿದ ದೊರೆ ಪೀಟರ್ ನೆನಪಾದ. 1697ರಲ್ಲಿ ಅವನು ಪ್ಯೋತ್ರ್ ಮಿಖಾಯಿಲೊವ್ ಅನ್ನುವ ಸುಳ್ಳು ಹೆಸರಿನಲ್ಲಿ ಯುರೋಪ್ ಸುತ್ತಿ, ಈಗ ನನ್ನ ಮಗಳಿರುವ ನಾಡಿನಲ್ಲಿ ಹಡಗು ಕಟ್ಟುವ ಕೆಲಸ ಕಲಿತು ಬಂದವನು. ಈ ಕಾಲದಲ್ಲಿ ಆಗಿದ್ದರೆ ಅವನು ಕಟ್ಟಿದ ಊರಿಗೆ ಅವನಿಗೇ ಟಿಕೆಟ್ ಸಿಗುತ್ತಿರಲಿಲ್ಲ.

ವಾಸಿಲಿಯೆವ್‌ಸ್ಕಿ ದ್ವೀಪದ ಬಂದರಿನಲ್ಲಿ ಗಾಜಿನ ಗೂಡಿನೊಳಗೆ ಕೂತಿದ್ದ ಅಧಿಕಾರಿಣಿ ಪಾಸ್‌ಪೋರ್ಟ್ ನೋಡಿದರು, ಟಿಕೆಟ್ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಪಾಸ್‌ಪೋರ್ಟ್ ನೋಡಿದರು. ನಗಲಿಲ್ಲ. ಠಪ್ಪೆಂದು ಮುದ್ರೆ ಒತ್ತಿದರು. ನೀವು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಆಚೆ ಬಂದರೆ ಬೋರ್ಡು: ಮಿಸ್ಟರ್ ತುರುವೇಕೆರೆ. ಎರಡು ದಿನ ಹರ್ಮಿಟೇಜ್, ಪೀಟರ್‌ಹೋಫಿನ ಕಾರಂಜಿ, ಅಂಬರ್ ಕೋಣೆ ಎಲ್ಲ ಕಡೆ ನಿಮ್ಮ ಗೈಡು ಹಾಗೆಯೇ ಕರೆದರು. ತುರುವೇಕೆರೆಯವನಾಗಿ ಅಷ್ಟು ಗೌರವ ನನಗೆ ತುರುವೇಕೆರೆಯಲ್ಲೂ ಸಿಕ್ಕಿರಲಿಲ್ಲ.

ಅಂದಮೇಲೆ ಹನ್ನೆರಡನೇ ಪತ್ರ ಏಕೆ? 2022ರ ಫೆಬ್ರವರಿಯಲ್ಲಿ ಯುದ್ಧ ಶುರುವಾಯಿತು, ದೊಡ್ಡ ಹಡಗು ಕಂಪನಿಗಳು ನಿಮ್ಮ ಬಂದರನ್ನು ಕೈಬಿಟ್ಟವು. ನಿಮ್ಮ ಅಂಗಡಿ ತೆರೆದಿದೆಯೋ, ಬಾಗಿಲು ಹಾಕಿದೆಯೋ, ಆ ನಗುವ ಮುಖದ ಹುಡುಗಿ ಎಲ್ಲಿದ್ದಾಳೋ. ಅದನ್ನು ಯೋಚಿಸುತ್ತಿರುವಾಗ ಹೊಳೆಯಿತು: ಹನ್ನೊಂದು ಇಮೇಲಿನಲ್ಲಿ ಏಕೆ ಬೇಕು, ಯಾವ ಕಾನೂನು, ಯಾವ ಕಲಂ ಅಂತ ಕೇಳಿದ ನಾನು, ಪ್ರವಾಸ ಮುಗಿದ ಮೇಲೆ ಇದನ್ನು ಯಾವಾಗ ಅಳಿಸುತ್ತೀರಿ ಅಂತ ಒಂದರಲ್ಲೂ ಕೇಳಲಿಲ್ಲ. ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ. ಕೆಲಸ ತೀರಿದ ಮೇಲೆ ವಿವರ ಅಳಿಸಬೇಕು ಅಂತ ನಮ್ಮಲ್ಲೂ 2023ರಲ್ಲಿ ಕಾಯ್ದೆ ಆಗಿದೆ. ನೀವು ಇದ್ದರೆ, ಕಂಪ್ಯೂಟರ್ ಇದ್ದರೆ, ದಯವಿಟ್ಟು ತುರುವೇಕೆರೆಯನ್ನು ಅಳಿಸಿಬಿಡಿ.

ಅವಸರವೇನಿಲ್ಲ. ಆ ಪಾಸ್‌ಪೋರ್ಟಿನ ಅವಧಿ 2023ಕ್ಕೆ ಮುಗಿಯಿತು. ರದ್ದು ಅಂತ ಮುದ್ರೆ ಹೊಡೆದು ವಾಪಸು ಕೊಟ್ಟಿದ್ದಾರೆ, ಹೊಸದಕ್ಕೆ ಹೊಸ ನಂಬರು ಬಂದಿದೆ. ನಮ್ಮ ಬಡಾವಣೆಯ ಏಜೆಂಟು ಮೊನ್ನೆ ಫೋನ್ ಮಾಡಿ, ಹೊಸ ಪಾಸ್‌ಪೋರ್ಟಿನ ಫ್ರಂಟ್ ಬ್ಯಾಕ್ ಎರಡೂ ಕಲರ್‌ನಲ್ಲಿ ಕಳಿಸಿ ಸಾರ್, ಇರಲಿ, ಯಾವಾಗಲಾದರೂ ಬೇಕಾಗುತ್ತೆ ಅಂದ.

ಕಳಿಸಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಮಿಸ್ಟರ್ ತುರುವೇಕೆರೆ
(ಸ್ವಯಂ ದೃಢೀಕರಿಸಲಾಗಿದೆ)