ಜೀಪಿನ ತೂತು

ನಮ್ಮ ಜೀಪಿನ ಡ್ರೈವರ್ ಸೀಟಿನಲ್ಲಿ ಕೂತು ತಲೆ ತಗ್ಗಿಸಿದರೆ ರಸ್ತೆ ಕಾಣುತ್ತಿತ್ತು. ತಲೆ ಎತ್ತಿದರೂ ರಸ್ತೆಯೇ; ಆದರೆ ಮಳೆಗಾಲದಲ್ಲಿ ತಗ್ಗಿಸಿದಾಗ ಕಾಣುತ್ತಿದ್ದದ್ದೇ ಹೆಚ್ಚು ಸ್ಪಷ್ಟ. ವೈಪರು ಸ್ವಯಂನಿವೃತ್ತಿ ಪಡೆದು ಎಷ್ಟೋ ವರ್ಷವಾಗಿತ್ತು. ಕ್ಲಚ್ಚಿನ ಪಕ್ಕ ಅಂಗೈ ಅಗಲದ ತೂತು. ಮೊದಮೊದಲು ಅದು ಬೆರಳು ತೂರುವಷ್ಟೇ ಇತ್ತು. ಗಾಡಿ ಮೂರನೇ ಗೇರಿನಲ್ಲಿ ಓಡುತ್ತಿರುವಾಗಲೇ ಅದರ ಬಾಯಿಗೆ ಗುರಿಯಿಟ್ಟು ಎಲೆಅಡಿಕೆಯ ಕವಳ ಉಗಿಯುವ ಕಲೆಯನ್ನು ಅಪ್ಪಯ್ಯ ಸಾಧಿಸಿಕೊಂಡಿದ್ದರು. ತೂತು ಬೆಳೆದಂತೆ ಗುರಿ ಸುಲಭವಾಯಿತೇ ಹೊರತು ಅವರಿಗೆ ಬೇರೇನೂ ತೊಂದರೆ ಕಾಣಲಿಲ್ಲ. ಮುಚ್ಚಿಸೋಣ ಎಂದಾಗಲೆಲ್ಲ ಒಂದೇ ಮಾತು: “ತಮಾ, ಬಂದ ನೀರಿಗೆ ಹೋಪಲೆ ದಾರಿ ಬ್ಯಾಡ್ದನ?”

ಗಾಡಿ ಮಹೀಂದ್ರ ಎಂಎಂ 540, 1993ರ ಮಾಡೆಲ್ಲು. ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ಹುಟ್ಟಿದ ವಿಲ್ಲೀಸ್ ಜೀಪನ್ನು 1947ರಲ್ಲಿ ನಮ್ಮ ದೇಶದಲ್ಲಿ ಜೋಡಿಸಲು ಶುರುಮಾಡಿದರಲ್ಲ, ಅದೇ ವಂಶದ ಕುಡಿ. ನಮ್ಮ ಕಡೆ ಯುದ್ಧವಿಲ್ಲ ನಿಜ. ಆದರೆ ಆರಿದ್ರೆ ಮಳೆ ಹಿಡಿದ ಮೇಲೆ ತೋಟದ ಮನೆಯಿಂದ ಡಾಂಬರು ರಸ್ತೆ ಮುಟ್ಟುವುದು ಯುದ್ಧಕ್ಕೇನೂ ಕಡಿಮೆಯಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರ ಮನೆಗೆ ಜೀಪು ಬಂದದ್ದು ಷೋಕಿಗಾಗಿ ಅಲ್ಲವೇ ಅಲ್ಲ. ಅಡಿಕೆ ಮೂಟೆ ಟಿಎಸ್‌ಎಸ್ ಮಾರಾಟ ಸಂಘದ ಅಂಗಳಕ್ಕೆ ಹೋಗಬೇಕು, ಬೆಟ್ಟದಿಂದ ಒಣ ಎಲೆಯ ದರಕು ಬರಬೇಕು, ಬಾಣಂತಿ ತವರಿಗೆ ಹೋಗಬೇಕು, ದಿಬ್ಬಣ ಹೊರಡಬೇಕು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆಗೆ ನಮ್ಮ ಜೀಪಿನಲ್ಲಿ ಹದಿನಾಲ್ಕು ಜನ ಹೋದ ದಾಖಲೆಯಿದೆ. ಬಾನೆಟ್ಟಿನ ಮೇಲೆ ಕೂತವರನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಒಂದು ವರ್ಷ ಫಾಲ್ಗುಣದಲ್ಲಿ ಒಂದು ದಿನ ಹಿಂದಿನ ಸೀಟಿನಲ್ಲಿದ್ದ ಹತ್ತು ಕಿಲೋ ಬೆಲ್ಲದ ಡಬ್ಬ ದಾರಿಯಲ್ಲೇ ಇಳಿದುಹೋಯಿತು. ನಿಲ್ಲಿಸೆಂದು ಹೇಳಲೂ ಇಲ್ಲ, ತಳದಿಂದ ಜಾರಿ ಹೋಯಿತು. ಆಗ ನಾನು ಗ್ಯಾರೇಜಿನವನಲ್ಲಿಗೆ ಹೋದೆ. ಅವನು ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾಡಿಯನ್ನು ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಚುಚ್ಚಿದ. ಸ್ಕ್ರೂಡ್ರೈವರು ಹಿಡಿಯವರೆಗೆ ಒಳಗೆ ಹೋಯಿತು. ತೊಡದೇವು ತಿಂದವರಿಗೆ ಗೊತ್ತು, ಮುಟ್ಟಿದರೆ ಮುರಿಯುವ ಆ ಹದ. ಬಣ್ಣವೊಂದೇ ಬಾಡಿಯನ್ನು ಹಿಡಿದಿಟ್ಟಿತ್ತು. ಅವನು ಹೇಳಿದ ಮೊತ್ತ ಕೇಳಿ ಮನೆಗೆ ಬಂದವನೇ, ನಾನೇ ಮಾಡುತ್ತೇನೆ ಎಂದು ಜಗಲಿಯಲ್ಲಿ ಘೋಷಿಸಿದೆ. ಬಚ್ಚಲಮನೆಯ ನಲ್ಲಿ ಎರಡು ವರ್ಷದಿಂದ ಸೋರುತ್ತಿರುವ ವಿಷಯವನ್ನು ಹೆಂಡತಿ ಆ ಹೊತ್ತಿಗೆ ನೆನಪಿಸುವ ಅಗತ್ಯವಿರಲಿಲ್ಲ.

ಬೆಂಗಳೂರಿನಿಂದ ಬಂದಿದ್ದ ತಂಗಿಯ ಮಗ ತಡೆದ. “ಮಾವಾ, ತುಕ್ಕು ತೆಗೀಬೇಡ. ಇದಕ್ಕೆ ಪಾಟಿನಾ ಅಂತಾರೆ. ಅಲ್ಲಿ ಜನ ಹೊಸ ಗಾಡಿಗೆ ದುಡ್ಡು ಕೊಟ್ಟು ತುಕ್ಕಿನ ಬಣ್ಣ ಹೊಡೆಸ್ತಾರೆ.” ಹೆಂಡತಿ ಒಳಗಿನಿಂದಲೇ, “ಹಂಗಾರೆ ಬಾವಿ ರಾಟೆ, ಕೊಟ್ಟಿಗೆ ಗೇಟು, ನಿನ್ನ ಮಾವನ ಕ್ಷೌರದ ಪೆಟ್ಟಿಗೆ ಎಲ್ಲ ಹೇರ್ಕಂಡು ಹೋಗು, ರಾಶಿ ಪಾಟಿನಾ ಇದ್ದು” ಎಂದಳು. ಅವನು ಮರುದಿನದ ಬಸ್ಸಿಗೇ ಹೊರಟ.

ಕೆಲಸ ಶುರುವಾದದ್ದು ಸೀಟಿನ ಒಂದು ಬೋಲ್ಟಿನಿಂದ. ಆ ಬೋಲ್ಟಿನ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲಾರೆ. ಅದಕ್ಕೆ ತಲೆಯಿತ್ತು, ಆರು ಮೂಲೆಯಿರಲಿಲ್ಲ. ತುಕ್ಕು ತಿಂದು ತಿಂದು ಗುಂಡಗಿನ ಬಟಾಣಿಯಂತಾಗಿತ್ತು. ಪಾನಾ ಹಾಕಿದರೆ ಸುತ್ತ ತಿರುಗುತ್ತದೆ, ಬೋಲ್ಟು ಕದಲುವುದಿಲ್ಲ. ಮೊದಲ ದಿನ ಡೀಸೆಲ್ ಹನಿಸಿದೆ. ಎರಡನೇ ದಿನ ಡೀಸೆಲ್ಲಿಗೆ ಸೀಮೆಎಣ್ಣೆ ಸೇರಿಸಿ ಹನಿಸಿದೆ. ಮೂರನೇ ದಿನ ಬೆಳಿಗ್ಗೆ ಹೋಗಿ ಸುತ್ತಿಗೆಯಿಂದ ಸುತ್ತಲೂ ತಟ್ಟಿ, ಮಾತಾಡಿಸುವ ಧಾಟಿಯಲ್ಲಿ “ಬಾ ಮಾರಾಯ” ಎಂದೆ. ಪೈಪ್ ರೆಂಚಿಗೆ ಕಬ್ಬಿಣದ ಕೊಳವೆ ಸಿಕ್ಕಿಸಿ ಮೈಯೆಲ್ಲ ಭಾರ ಹಾಕಿದಾಗ ಕಿರ್ ಎಂದು ಕಾಲು ಸುತ್ತು ತಿರುಗಿತು. ಆ ಸದ್ದಿನ ಸುಖ ಅನುಭವಿಸಿದವರಿಗೇ ಗೊತ್ತು. ಮತ್ತೆ ಕಾಲು ಸುತ್ತು. ಆಮೇಲೆ ಟಣ್ ಎಂದಿತು. ತಲೆ ನನ್ನ ಕೈಯಲ್ಲಿ, ಮುಂಡ ಜೀಪಿನಲ್ಲಿ. ಅಂಥವು ಇನ್ನೂ ನಲವತ್ತಿದ್ದವು. ಎರಡನೆಯದರಿಂದ ಗ್ರೈಂಡರು ಹಿಡಿದೆ, ಮಾತುಕತೆಗೆ ಹೋಗಲಿಲ್ಲ.

ಸೀಟು ಕಿತ್ತ ಮೇಲೆ ಕಂಡದ್ದು ನಮ್ಮ ಮನೆಯ ಚರಿತ್ರೆ. ಮ್ಯಾಟಿನ ಕೆಳಗೆ ನಾಲ್ಕು ಬೆರಳು ಗೊಬ್ಬರ, ಅದರಲ್ಲೊಂದು ಅಡಿಕೆ ಸಸಿ, ಎರಡೆಲೆ ಬಿಟ್ಟು ಲಕ್ಷಣವಾಗಿತ್ತು. ಜೊತೆಗೆ ಯಾವುದೋ ಆಟದ ಅರ್ಧ ಟಿಕೆಟ್ಟು, ಅಡಕತ್ತರಿಯ ಒಂದು ಕಾಲು, 2011ರಲ್ಲೇ ಚಲಾವಣೆ ಕಳೆದುಕೊಂಡ ನಾಲ್ಕಾಣೆ ಮೂರು. ಬಣ್ಣ ಕೆರೆದರೆ ಪದರ ಪದರವಾಗಿ ಕಾಲ ಇಳಿಯುತ್ತಿತ್ತು. ಮೇಲೆ ನೀಲಿ, ಅದು ನನ್ನ ಕಾಲದ್ದು. ಅದರಡಿ ಬಿಳಿ, ಅಕ್ಕನ ಮದುವೆಗೆ ಹೊಡೆಸಿದ್ದು. ಅದರಡಿ ಸೆಗಣಿ ಹಸಿರು. ಅದರಡಿ ಕಬ್ಬಿಣ ಇರಬೇಕಿತ್ತು. ಕೆಂಪು ಪುಡಿ ಇತ್ತು.

ಇಷ್ಟು ದಿನ ಇದಕ್ಕೆಲ್ಲ ನಮ್ಮೂರ ಮಳೆಯೇ ಕಾರಣವೆಂದು ನಾನು ನಂಬಿದ್ದೆ. ಮಳೆಗೆ ಹೆಸರು ಹಾಕಿಬಿಟ್ಟರೆ ಸುಲಭ, ಅದು ವಾದಕ್ಕೆ ಬರುವುದಿಲ್ಲ. ಆದರೆ ಮಳೆಯೊಂದೇ ಆದರೆ ತುಕ್ಕು ಎಲ್ಲ ಕಡೆ ಸಮನಾಗಿ ಹಿಡಿಯಬೇಕಿತ್ತು. ಕೊಡಚಾದ್ರಿಯ ಮೂಲ ಮೂಕಾಂಬಿಕೆಯ ಗುಡಿಯೆದುರು ಕಬ್ಬಿಣದ ಕಂಬವೊಂದು ಎಷ್ಟೋ ಕಾಲದಿಂದ ಮಳೆಗೆ ಮೈಯೊಡ್ಡಿ ನಿಂತೇ ಇದೆ. ಅದನ್ನು ತೋರಿಸಲು ಜನರನ್ನು ಹೊತ್ತು ಗುಡ್ಡ ಹತ್ತುವ ಜೀಪುಗಳು ತುಕ್ಕು ಹಿಡಿಯುತ್ತವೆ. ನಮ್ಮದರಲ್ಲಿ ಹಿಂಭಾಗದ ತಳ ಪೂರ್ತಿ ಹೋಗಿತ್ತು. ಮುಂದಿನ ಗೋಡೆ ಗಟ್ಟಿಯಿತ್ತು. ಬಗ್ಗಿ ನೋಡಿದಾಗ ಮೂಲೆಯಲ್ಲಿ ತಿಳಿ ನೀಲಿ ಹರಳು ಕಂಡವು. ಮೈಲುತುತ್ತ!

ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವವರಿಗೆಲ್ಲ ಗೊತ್ತಿರುವ ಪರೀಕ್ಷೆಯೊಂದಿದೆ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹದ ಬಂತೋ ಇಲ್ಲವೋ ತಿಳಿಯಲು ತಿಕ್ಕಿದ ಕತ್ತಿಯನ್ನು ಅದರಲ್ಲಿ ಅದ್ದಿ ತೆಗೆಯುತ್ತೇವೆ. ಕತ್ತಿಯ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ನೀರಿನಲ್ಲಿ ಕರಗಿದ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ಜಾಗ ಬಿಟ್ಟು ನೀರಿಗಿಳಿಯುತ್ತದೆ. ನಾವು ಕತ್ತಿಯನ್ನು ಒಂದು ಕ್ಷಣ ಅದ್ದಿದ್ದೆವು. ಜೀಪಿನ ತಳವನ್ನು ಇಪ್ಪತ್ತೈದು ಮಳೆಗಾಲ ಅದ್ದಿಟ್ಟಿದ್ದೆವು. ಹರಿದ ಚೀಲದಿಂದ ಉದುರಿದ ಪುಡಿ, ಮೇಲಿಂದ ಸೋರಿದ ಮಳೆ, ಸಾಲದ್ದಕ್ಕೆ ತೆಂಗಿನ ಬುಡಕ್ಕೆಂದು ಘಟ್ಟದ ಕೆಳಗಿನಿಂದ ಹೇರಿಕೊಂಡು ಬರುತ್ತಿದ್ದ ಸಾಣಿಕಟ್ಟಾದ ಉಪ್ಪು. ಇನ್ನೇನು ಬೇಕು?

ಈ ಔಷಧಿ ಫ್ರಾನ್ಸಿನ ಬೋರ್ಡೋ ಸೀಮೆಯದು. ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ಅಲ್ಲಿಯವರು ರಸ್ತೆ ಬದಿಯ ಬಳ್ಳಿಗೆ ಈ ನೀಲಿ ರಾಡಿ ಎರಚುತ್ತಿದ್ದರಂತೆ. ಆ ಬಳ್ಳಿಗೆ ಮಾತ್ರ ರೋಗ ಬಾರದ್ದನ್ನು 1880ರ ದಶಕದಲ್ಲಿ ಮಿಲಾರ್ದೆ ಎಂಬ ವಿಜ್ಞಾನಿ ಗಮನಿಸಿದ. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಸುಮಾರು 1910ರ ಹೊತ್ತಿಗೆ ಅಡಿಕೆಯ ಕೊಳೆರೋಗಕ್ಕೆ ಅದನ್ನು ಹೊಂದಿಸಿಕೊಟ್ಟರು. ನಮ್ಮ ಎಂಎಂ 540ರ ಎಂಜಿನ್ನೂ ಮೂಲದಲ್ಲಿ ಫ್ರಾನ್ಸಿನದೇ, ಪ್ಯೂಜೋ, 2112 ಸಿಸಿ. ಅಷ್ಟು ದೂರದಿಂದ ಬಂದ ಒಂದೇ ದೇಶದವರಿಬ್ಬರು ನಮ್ಮ ಅಂಗಳದಲ್ಲಿ ಭೇಟಿಯಾಗಿ, ಒಬ್ಬ ಇನ್ನೊಬ್ಬನ ಮನೆಯ ನೆಲ ಕಿತ್ತಿದ್ದ. ಎಂಜಿನ್ನು ಮಾತ್ರ ಇವತ್ತಿಗೂ ಅರ್ಧ ಸೆಲ್ಫಿಗೆ ಸ್ಟಾರ್ಟು.

ತಗಡು ಹುಡುಕಿ ಮೂರೂ ಪೇಟೆ ಸುತ್ತಿದೆ. ಶಿರಸಿಯಲ್ಲಿ ಬೋಲ್ಟು, ಕೆಂಪು ಪ್ರೈಮರು, ಉಪ್ಪುಕಾಗದ. ಯಲ್ಲಾಪುರದಲ್ಲಿ ಹಿಂದಿನ ಬಾಗಿಲು, ಅಂದರೆ ಡಾಲಾ. ಅರಬೈಲು ಘಟ್ಟದ ಕೃಪೆಯಿಂದ ಅಲ್ಲಿ ಮುರಿದ ಗಾಡಿಗೂ ಮುರಿದದ್ದನ್ನು ಕೂಡಿಸುವವರಿಗೂ ಬರವಿಲ್ಲ. ಸಿದ್ದಾಪುರದಿಂದ ವೆಲ್ಡಿಂಗಿನವನು ಮನೆಗೇ ಬಂದ, 18 ಗೇಜಿನ ತಗಡು ಹೊತ್ತು. ಅವನು ವೆಲ್ಡಿಂಗ್ ಕಡ್ಡಿ ಮುಟ್ಟಿಸಿದಲ್ಲಿ ತಗಡು ಅಂಟುವ ಬದಲು ಹಳೆಯದು ಆವಿಯಾಗುತ್ತಿತ್ತು. “ಹೆಗಡೇರೆ, ಗಟ್ಟಿ ಕಬ್ಬಿಣ ಸಿಗೋತನಕ ಕತ್ತರಿಸ್ತಾ ಹೋಗಬೇಕು” ಎಂದ. ಹಾಗೆ ಹೋಗುತ್ತಾ ಹೋಗುತ್ತಾ ಸಂಜೆಯ ಹೊತ್ತಿಗೆ ಜೀಪಿನಲ್ಲಿ ಚಾಸಿ, ಎಂಜಿನ್ನು, ಮುಂದಿನ ಗೋಡೆ, ಸ್ಟೇರಿಂಗು ಉಳಿದವು. ಚಹಾ ತಂದ ಹೆಂಡತಿ, ಲೋಟ ಎಲ್ಲಿಡುವುದೆಂದು ತಿಳಿಯದೆ ವಾಪಸು ಒಯ್ದಳು.

ಚಾಸಿಗೆ ತುಕ್ಕುಮಾರಕ ದ್ರಾವಣ ತರಬೇಕಿತ್ತು. ಅಂಗಡಿಯ ಡಬ್ಬಿಯ ಬೆಲೆ ನೋಡಿದ ಮೇಲೆ ನನಗೊಂದು ಹಳೆಯ ಸತ್ಯ ನೆನಪಾಯಿತು. ಅಡಿಕೆ ಬೇಯಿಸುವ ಹಂಡೆ ತಾಮ್ರದ್ದೇ ಯಾಕೆ? ಕಬ್ಬಿಣದ್ದಾದರೆ ಅಡಿಕೆ ಬೆಂದ ನೀರು, ಅಂದರೆ ಚೊಗರು, ಕಪ್ಪಾಗುತ್ತದೆ, ಅಡಿಕೆಯೂ ಕಪ್ಪಾಗುತ್ತದೆ, ವ್ಯಾಪಾರಿಯ ಮುಖವೂ. ಚೊಗರಿನಲ್ಲಿರುವ ಟ್ಯಾನಿನ್ನು ಕಬ್ಬಿಣವನ್ನು ಹಿಡಿದರೆ ಕಪ್ಪು. ಅಳಲೆಕಾಯಿ, ಅನ್ನಭೇದಿ ಹಾಕಿ ಅಜ್ಜನ ಕಾಲದವರು ಶಾಯಿ ಮಾಡುತ್ತಿದ್ದದ್ದೂ ಇದೇ ಲೆಕ್ಕ. ಅಂಗಡಿಯ ಎಷ್ಟೋ ಬಗೆಯ ಡಬ್ಬಿಗಳಲ್ಲಿ ಇರುವುದೂ ಟ್ಯಾನಿಕ್ ಆಮ್ಲವೇ. ನಮ್ಮ ಅಟ್ಟದಡಿ ಆ ವರ್ಷದ ಕೆಂಪಡಿಕೆಯ ಚೊಗರು ಅರ್ಧ ಡ್ರಮ್ಮು ಬಿದ್ದಿತ್ತು.

ತಂತಿ ಬ್ರಷ್ಷಿನಲ್ಲಿ ಉಜ್ಜಿ, ತೊಳೆದು, ಒರೆಸಿ, ಒಂದು ಹಳೆ ಪಂಚೆಯ ತುಂಡನ್ನು ಚೊಗರಿನಲ್ಲಿ ಅದ್ದಿ ಚಾಸಿಗೆ ಬಳಿದೆ. ಕೆಂಪು ತುಕ್ಕಿನ ಮೇಲೆ ಕೆಂಪು ಚೊಗರು. ಮೊದಲಿಗೆ ಏನೂ ತಿಳಿಯಲಿಲ್ಲ. ಕಾಲು ಗಂಟೆಯಲ್ಲಿ ಅಂಚಿನಿಂದ ಕಪ್ಪು ಹರಡತೊಡಗಿತು, ಸಂಜೆ ಮೋಡ ಕವಿದ ಹಾಗೆ. ಮರುದಿನ ಬೆಳಿಗ್ಗೆ ಚಾಸಿಯೂ ನನ್ನ ಎರಡು ಕೈಯೂ ಒಂದೇ ಬಣ್ಣ. ಮೂರು ಸಲ ಬಳಿದೆ. ಒಣಗಿದ ಮೇಲೆ ಪ್ರೈಮರು ಹೊಡೆದೆ, ಯಾಕೆಂದರೆ ಚೊಗರೊಂದನ್ನೇ ನಂಬಿ ಆರಿದ್ರೆಗೆ ಇಳಿಯುವಷ್ಟು ಭಕ್ತಿ ನನ್ನಲ್ಲಿಲ್ಲ. ಎರಡು ವಾರ ಯಾರ ಮನೆಯ ಊಟಕ್ಕೆ ಹೋದರೂ ಬಡಿಸುವವರು ನನ್ನ ಕೈ ನೋಡಿ ತುಪ್ಪ ಹಾಕಲು ಹಿಂಜರಿಯುತ್ತಿದ್ದರು. ವೆಲ್ಡಿಂಗಿನವನು ಬಗ್ಗಿ ಮೂಸಿ ನೋಡಿ, “ಗಾಡಿಗೂ ಕವಳ ಹಾಕಿಸಿದ್ರಾ?” ಎಂದ.

ಅದೇ ಮಾತು ಅಪ್ಪಯ್ಯನ ಕಿವಿಗೆ ಬಿತ್ತು. ಕತ್ತರಿಸಿ ಎಸೆದ ತಗಡಿನ ರಾಶಿಯಿಂದ ಅವರು ಕ್ಲಚ್ಚಿನ ಪಕ್ಕದ ತುಂಡನ್ನೇ ಹುಡುಕಿ ತಂದರು. ತೂತಿನ ಒಂದು ಅಂಚು, ಅವರು ಗುರಿ ತಪ್ಪಿದಾಗಲೆಲ್ಲ ತಾಗುತ್ತಿದ್ದ ಅಂಚು, ಕಪ್ಪಾಗಿ ಗಟ್ಟಿಯಾಗಿತ್ತು. ಇನ್ನೊಂದು ಅಂಚು ಪುಡಿ. “ನೋಡು” ಎಂದರು. “ಆನು ಇಪ್ಪತ್ತೈದು ವರ್ಷದಿಂದ ಔಷಧಿ ಹಾಕ್ತಾ ಇದ್ದಿ.” ಕವಳದಲ್ಲಿ ಚೊಗರಿದೆ, ಸುಣ್ಣವಿದೆ, ಎರಡೂ ಕಬ್ಬಿಣಕ್ಕೆ ಹಿತವೇ. ಹಾಗಾದರೆ ತೂತು ಬಿದ್ದದ್ದಾದರೂ ಹೇಗೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಆ ತುಂಡು ಈಗಲೂ ಜಗಲಿಯ ಗೂಡಿನಲ್ಲಿದೆ.

ಮಿರುಗದ ಮಳೆಯ ಕೊನೆಗೆ ಜೀಪು ಸಿದ್ಧವಾಯಿತು. ಹಸಿರು ಬಣ್ಣ, ಹೊಸ ಟಾಪು, ಒಂದು ಹನಿ ಕೆಳಗೆ ಇಳಿಯದಂಥ ತಳ. ಸಂದು ಸಂದಿಗೂ ಸೀಲೆಂಟು ತುಂಬಿದ್ದೆ. ಯಲ್ಲಾಪುರದಲ್ಲಿ ಡಾಲಾ ಕೊಟ್ಟವರಿಗೆ ತೋರಿಸಿ ಬರೋಣವೆಂದು ಒಬ್ಬನೇ ಹೋದೆ. ಬರುವಾಗ ಮಂಚಿಕೇರಿ ದಾಟುತ್ತಿದ್ದಂತೆ ಜಡಿಮಳೆ ಹಿಡಿಯಿತು. ಹೊಸ ಟಾಪಿಗೂ ಗಾಜಿನ ಚೌಕಟ್ಟಿಗೂ ನಡುವಿನ ಸಂದಿಯೊಂದನ್ನು ಮಾತ್ರ ನಾನು ನೋಡಿರಲಿಲ್ಲ. ಅಲ್ಲಿಂದ ನೀರು ಸಣ್ಣಗೆ, ಬಿಡದೆ ಇಳಿಯಿತು. ಇಳಿದದ್ದು ಎಲ್ಲಿಗೆ ಹೋಗಬೇಕು? ಶಿರಸಿ ಬರುವಷ್ಟರಲ್ಲಿ ಒಳಗೆ ಹಿಮ್ಮಡಿ ಮುಳುಗುವಷ್ಟು ನೀರು. ಏರಿನಲ್ಲಿ ಅಷ್ಟೂ ಹಿಂದಕ್ಕೆ ಹೋಗಿ ಡಾಲಾಕ್ಕೆ ಬಡಿಯುವುದು, ಇಳುಕಲಿನಲ್ಲಿ ಅಷ್ಟೂ ಮುಂದಕ್ಕೆ ಬಂದು ನನ್ನ ಮೊಣಕಾಲು ತೋಯಿಸುವುದು. ಬ್ರೇಕು ಒತ್ತಿದಾಗಲೆಲ್ಲ ನನ್ನ ಎಡಗಾಲ ಚಪ್ಪಲಿ ಹಿಂದಿನ ಸೀಟಿನಿಂದ ತೇಲಿ ಬಂದು ಮಾತಾಡಿಸಿ ಹೋಗುತ್ತಿತ್ತು. ಶೀಟು, ವೆಲ್ಡಿಂಗು, ಬಣ್ಣ, ನಾಲ್ಕು ತಿಂಗಳು, ಎಲ್ಲ ಖರ್ಚು ಮಾಡಿ ನಾನು ಕಟ್ಟಿದ್ದು ಎಂಜಿನ್ನಿರುವ ಕಲಗಚ್ಚಿನ ಬಾನಿ.

ಅಂಗಳದಲ್ಲಿ ನಿಲ್ಲಿಸಿದಾಗ ನೀರು ತಾನಾಗಿಯೇ ಹರಿದು ಒಂದೆಡೆ ಸೇರಿ ನಿಂತಿತು. ಅದು ಕ್ಲಚ್ಚಿನ ಪಕ್ಕ, ಸರಿಯಾಗಿ ಅಲ್ಲೇ. ಒಳಗೆ ಹೋಗಿ ಡ್ರಿಲ್ಲು ತಂದೆ, 10 ಎಂಎಂ ಬಿಟ್ಟು ಸಿಕ್ಕಿಸಿ, ಹೊಸ ಹಸಿರು ಬಣ್ಣದ ಮೇಲಿಟ್ಟು ಕಣ್ಣು ಮುಚ್ಚಿ ಒತ್ತಿದೆ. ನೀರು ಗೊಳಗೊಳ ಎಂದು ಅಂಗಳಕ್ಕೆ ಇಳಿಯಿತು. ಜಗಲಿಯ ಕಟ್ಟೆಯ ಮೇಲೆ ಅಪ್ಪಯ್ಯ ಕೂತಿದ್ದರು. ಬಾಯಿ ತುಂಬ ಕವಳ, ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಗಲ್ಲ ಮೇಲೆತ್ತಿ ಒಮ್ಮೆ ತೂತನ್ನು ನೋಡಿದರು, ಒಮ್ಮೆ ನನ್ನನ್ನು. ಆಮೇಲೆ ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ಉಂಗುರ ಮಾಡಿ ತೋರಿಸಿದರು, ಇನ್ನೂ ಸ್ವಲ್ಪ ದೊಡ್ಡದು.