ಗಿಟಾರಿಗೊಂದು ಅಭ್ಯಂಜನ

ಎಣ್ಣೆಯ ವಿಚಾರದಲ್ಲಿ ನಮ್ಮ ಮನೆಯವರಿಗೆ ಹೊರಗಿನವರು ಪಾಠ ಹೇಳಬೇಕಾದ ಪ್ರಮೇಯ ಯಾವತ್ತೂ ಬಂದಿಲ್ಲ. ತಲೆಗೆ ಕೊಬ್ಬರಿ ಎಣ್ಣೆ, ಮೈ ಕಾದರೆ ಹರಳೆಣ್ಣೆ, ದೇವರಿಗೆ ಎಳ್ಳೆಣ್ಣೆ, ಮಂಡಿನೋವಿಗೆ ಕರ್ಪೂರ ಹಾಕಿ ಕಾಸಿದ್ದು, ಕಿರುಗುಟ್ಟುವ ಬಾಗಿಲಿಗೆ ಹಪ್ಪಳ ಕರಿದು ಮಿಕ್ಕಿದ್ದು. ಹಾಗಾಗಿ ಗಿಟಾರಿಗೂ ಎಣ್ಣೆ ಹಚ್ಚಬೇಕಂತೆ ಎಂದು ನಾನು ಹೇಳಿದಾಗ ಯಾರೂ ಹುಬ್ಬೇರಿಸಲಿಲ್ಲ. ಯಾವ ಎಣ್ಣೆ ಎಂಬುದಷ್ಟೇ ಚರ್ಚೆಯಾಯಿತು.

ಎಣ್ಣೆ ಬೇಕಾಗಿರುವುದು ಇಡೀ ಗಿಟಾರಿಗಲ್ಲ, ಅದರ ಫ್ರೆಟ್‌ಬೋರ್ಡಿಗೆ. ಅಂದರೆ ಕತ್ತಿನ ಮೇಲೆ ಅಂಟಿಸಿ, ಅಡ್ಡಡ್ಡಲಾಗಿ ಲೋಹದ ಫ್ರೆಟ್ಟುಗಳನ್ನು ಕೂರಿಸಿದ ಪಟ್ಟಿಗೆ. ಉಳಿದ ಭಾಗಕ್ಕೆಲ್ಲ ಸಾಮಾನ್ಯವಾಗಿ ಪಾಲಿಶಿನ ಹೊದಿಕೆ ಇರುತ್ತದೆ. ಈ ಪಟ್ಟಿ ಬೀಟೆಯದೋ ಎಬನಿಯದೋ ಆಗಿದ್ದರೆ ಬಹುಪಾಲು ಬರಿಮೈಯಲ್ಲೇ ಇರುತ್ತದೆ. ಬೆರಳಿನ ಬೆವರು, ಜಿಡ್ಡು, ಸತ್ತ ಚರ್ಮ, ನಿನ್ನೆ ಸಂಜೆಯ ಚುರುಮುರಿಯ ಖಾರ, ಎಲ್ಲವೂ ಅದರ ಪಾಲಿಗೆ. ಬೆಂಗಳೂರಿನ ಮಾರ್ಚ್ ತಿಂಗಳ ಒಣಹವೆಗೆ ಅದು ಮಂಕಾಗಿ, ಬೂದುಬಣ್ಣಕ್ಕೆ ತಿರುಗಿ ಕುಗ್ಗುತ್ತದೆ. ಮರ ಕುಗ್ಗಿದರೂ ಲೋಹ ಕುಗ್ಗುವುದಿಲ್ಲವಲ್ಲ, ಫ್ರೆಟ್ಟಿನ ತುದಿಗಳು ಅಂಚಿನಾಚೆ ಇಣುಕಿ ಕೈ ಗೀರುತ್ತವೆ.

"ಹರಳೆಣ್ಣೆ ಹಚ್ಚೋ, ತಂಪು" ಎಂದರು ಅಮ್ಮ. ಗಿಟಾರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ನಡುವಿನ ದುಂಡು ತೂತನ್ನು ತೋರಿಸಿ, "ಹೊಕ್ಕುಳಿಗೂ ಎರಡು ತೊಟ್ಟು ಬಿಡು" ಎಂದು ಸೇರಿಸಿದರು.

ಅಮ್ಮನ ವೈದ್ಯದಲ್ಲಿ ತಪ್ಪಿಲ್ಲ, ರೋಗಿ ಬೇರೆ ಜಾತಿಯದು ಅಷ್ಟೆ. ನಮ್ಮ ಅಡುಗೆಮನೆಯ ಎಣ್ಣೆಗಳು ಮರದ ಮೇಲೆ ಕೂತರೆ ಗಾಳಿಗೆ ಕೆಟ್ಟು ಅಂಟಂಟಾಗುತ್ತವೆ, ಕಮಟು ವಾಸನೆ ಹೊಡೆಯುತ್ತವೆ. ಕೊಬ್ಬರಿ ಎಣ್ಣೆಯಂತೂ 24 ಡಿಗ್ರಿಗಿಂತ ಕೆಳಗಿಳಿದರೆ ಗಟ್ಟಿಯಾಗುವ ಪದಾರ್ಥ. ಡಿಸೆಂಬರಿನ ಬೆಳಗ್ಗೆ ಗಿಟಾರನ್ನು ಬಿಸಿಲಿಗಿಟ್ಟು ಕಾಯಬೇಕಾದೀತು. ಅಗಸೆ ಎಣ್ಣೆಯನ್ನು ಹೊಗಳುವವರಿದ್ದಾರೆ. ಆದರೆ ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆದರೆ ತನ್ನಷ್ಟಕ್ಕೆ ಬಿಸಿಯೇರಿ ಹೊತ್ತಿಕೊಳ್ಳುವ ಅಪಾಯವಿದೆ. ಸಂಗೀತಕ್ಕಾಗಿ ಮನೆ ಸುಟ್ಟುಕೊಳ್ಳುವಷ್ಟು ದೊಡ್ಡ ಕಲಾವಿದ ನಾನಲ್ಲ.

ವೀಣೆ ಪಾಠ ಹೇಳುವ ಅತ್ತೆಯವರು ಈ ಗಲಾಟೆಯನ್ನೆಲ್ಲ ಕೇಳಿ ನಕ್ಕುಬಿಟ್ಟರು. ಅವರ ವೀಣೆಯಲ್ಲಿ 24 ಮೆಟ್ಟಿಲು, ಅವೆಲ್ಲ ಕೂತಿರುವುದು ಮೇಣದ ಮೇಲೆ. ತಂತಿಯ ಮೇಲೆ ಬೆರಳು ಸಲೀಸಾಗಿ ಜಾರಲೆಂದು ಪಕ್ಕದಲ್ಲೊಂದು ಪುಟ್ಟ ಬಟ್ಟಲಲ್ಲಿ ಎಣ್ಣೆ. "ನಮ್ಮಲ್ಲಿ ಎಣ್ಣೆ ಬೆರಳಿಗಪ್ಪಾ. ಬೆರಳು ಆಡಿದರೆ ವಾದ್ಯ ತಾನಾಗಿ ಚೆನ್ನಾಗಿರುತ್ತೆ" ಎಂದರು. ಮಾತು ನನ್ನ ಸಾಧನೆಯ ಕಡೆಗೆ ತಿರುಗುವ ಸೂಚನೆ ಕಂಡದ್ದರಿಂದ ನಾನು ಕಾಫಿ ತರಲು ಎದ್ದೆ.

ಅಂಗಡಿಗಳಲ್ಲಿ ಇದಕ್ಕೆಂದೇ 'ಲೆಮನ್ ಆಯಿಲ್' ಎಂಬ ಸೀಸೆ ಸಿಗುತ್ತದೆ. ಬೆಲೆ ನೋಡಿದರೆ ಒಂದು ತೋಟದ ನಿಂಬೆಯನ್ನೇ ಹಿಂಡಿರಬೇಕು ಅನ್ನಿಸುತ್ತದೆ. ಒಳಗಿರುವುದು ಬಹಳಷ್ಟು ಸಲ ಖನಿಜ ತೈಲ, ಅದಕ್ಕೊಂದಿಷ್ಟು ನಿಂಬೆಯ ಪರಿಮಳ. ಖನಿಜ ತೈಲ ಕೆಡುವುದಿಲ್ಲ, ಅದೇ ಅದರ ದೊಡ್ಡ ಗುಣ. ಮೆಡಿಕಲ್ ಶಾಪಿನಲ್ಲಿ ಲಿಕ್ವಿಡ್ ಪ್ಯಾರಾಫಿನ್ ಎಂದು ಸಿಗುವುದೂ ಅದೇ ವಂಶದ್ದು. ವಿಷಯ ತಿಳಿದ ಮೇಲೆ ನಿಂಬೆಗೆ ದುಡ್ಡು ಕೊಡುವುದೇಕೆಂದು ಅಲ್ಲಿಗೇ ಹೋದೆ.

"ಲಿಕ್ವಿಡ್ ಪ್ಯಾರಾಫಿನ್ ಇದೆಯಾ?"

"ಇದೆ ಸಾರ್. ಎಷ್ಟು ದಿನ ಆಯ್ತು?"

"ಏನು ಎಷ್ಟು ದಿನ?"

"ಮೋಷನ್ ಆಗಿ."

"ಅಯ್ಯೋ, ನನಗಲ್ಲಪ್ಪ. ಗಿಟಾರಿಗೆ."

ಆತ ನನ್ನನ್ನು ನೋಡಿದ, ಸೀಸೆಯನ್ನು ನೋಡಿದ, ಹಿಂದೆ ನಿಂತಿದ್ದ ಗಿರಾಕಿಗಳನ್ನು ನೋಡಿದ. ಆಮೇಲೆ ದನಿ ತಗ್ಗಿಸಿ, "ಯಾರಿಗಾದ್ರೂ ಸರಿ ಸಾರ್, ರಾತ್ರಿ ಮಲಗೋ ಮುಂಚೆ ಎರಡು ಚಮಚ" ಎಂದ.

ಗಿಟಾರಿಗೆ ಎರಡು ಚಮಚವೂ ಬೇಡ, ಕೆಲವೇ ಹನಿ ಸಾಕು. ತಂತಿ ಬಿಚ್ಚಿ, ಹಲಗೆಯ ಕೊಳೆ ತೆಗೆದು, ಹನಿಯನ್ನು ಬಟ್ಟೆಗೆ ಹಾಕಿಕೊಂಡು ತೆಳ್ಳಗೆ ಸವರಿ, ಐದು ಹತ್ತು ನಿಮಿಷ ಬಿಟ್ಟು, ಒಂದಿಷ್ಟೂ ಉಳಿಯದಂತೆ ಒರೆಸಿಬಿಡಬೇಕು. ಜಿಗುಟು ಕೊಳೆಯಿದ್ದರೆ ನಾಲ್ಕು ಸೊನ್ನೆಯ ನಂಬರಿನ ನಯವಾದ ಸ್ಟೀಲ್ ವುಲ್ಲಿನಿಂದ ಹಗುರಾಗಿ ಉಜ್ಜಬಹುದು. ಎಲೆಕ್ಟ್ರಿಕ್ ಗಿಟಾರಾದರೆ ಮೊದಲು ಪಿಕಪ್ಪುಗಳನ್ನು ಟೇಪಿನಿಂದ ಮುಚ್ಚಬೇಕು. ಅದರಲ್ಲಿರುವುದು ಅಯಸ್ಕಾಂತ, ಉಕ್ಕಿನ ಪುಡಿಯೆಲ್ಲ ಅಲ್ಲಿಗೇ ಓಡುತ್ತದೆ. ವರ್ಷಕ್ಕೊಂದೆರಡು ಸಲ ಮಾಡಿದರೆ ಮುಗಿಯಿತು. ವಾರವಾರ ಎಣ್ಣೆ ಕುಡಿಸಿದರೆ ಹಲಗೆ ಜಿಡ್ಡುಗಟ್ಟಿ ಧೂಳು ಹಿಡಿಯುತ್ತದೆ.

ಈ ಉಪಚಾರ ಮಾಡಿಸಿಕೊಳ್ಳುವ ಮರವೂ ನಮ್ಮ ಕಡೆಯದೇ ಇರಬಹುದು. ಫೆಂಡರ್ ಕಂಪನಿ ತನ್ನ ಸ್ಟ್ರಾಟೋಕಾಸ್ಟರಿಗೆ ಮೊದಲು ಬಿಳಿಚು ಬಣ್ಣದ ಮೇಪಲ್ ಮರವನ್ನೇ ಬಳಸುತ್ತಿತ್ತು. ಬೆರಳು ತಾಗಿತಾಗಿ ಅದು ಕೊಳಕು ಕಾಣುತ್ತದೆಂದು 1959ರಲ್ಲಿ ಕಪ್ಪುಗೆಂಪು ಬೀಟೆಗೆ ಬಂತು. ಕೊಳೆ ಹೋಗಲಿಲ್ಲ, ಕಾಣದಾಯಿತು. ಬ್ರೆಜಿಲಿನ ಬೀಟೆಯ ಅಂತರರಾಷ್ಟ್ರೀಯ ಮಾರಾಟಕ್ಕೆ 1992ರಲ್ಲಿ, ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಮೂಗುದಾರ ಹಾಕುವ ಸೈಟಿಸ್ ಒಪ್ಪಂದ ಬೀಗ ಜಡಿಯಿತು. ಅದಕ್ಕೂ ಮುಂಚಿನಿಂದಲೇ ತಯಾರಕರ ಕಣ್ಣು ಪಶ್ಚಿಮ ಘಟ್ಟದ ಬೀಟೆಯ ಮೇಲೆ ಬಿದ್ದಿತ್ತು. 2017ರ ಜನವರಿಯಲ್ಲಿ ಬೀಟೆಯ ಇಡೀ ಕುಲಕ್ಕೇ ಪರವಾನಗಿಯ ಕಾಟ ಶುರುವಾಗಿ, ಗಿಟಾರಿನವರೆಲ್ಲ ಪರ್ಯಾಯ ಮರ ಹುಡುಕಿಕೊಂಡು ಅಲೆದರು. ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ನವೆಂಬರಿನಲ್ಲಿ. ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜ ಇದೇ ಬೀಟೆಯ ಆರಾಮಕುರ್ಚಿಗೆ ಒಂದು ದಿನವೂ ಎಣ್ಣೆ ಹಚ್ಚಿದವರಲ್ಲ. ಎಣ್ಣೆ ಒತ್ತಿದ ತಲೆಯನ್ನು ಅದಕ್ಕೆ ಆನಿಸಿ ಪ್ರತಿ ಮಧ್ಯಾಹ್ನ ನಿದ್ದೆ ಹೋಗುತ್ತಿದ್ದರು. ತಲೆ ಇಡುತ್ತಿದ್ದ ಜಾಗವೊಂದು ಈಗಲೂ ಕನ್ನಡಿಯ ಹಾಗೆ ಹೊಳೆಯುತ್ತದೆ. ಅದರ ಮುಂದೆ ಯಾವ ಲೆಮನ್ ಆಯಿಲ್?

ಎಣ್ಣೆಯಿಂದ ಬಣ್ಣ ಬರುತ್ತದೆ, ಹೊಳಪು ಬರುತ್ತದೆ. ಬೇಸಿಗೆಯಲ್ಲಿ ಆರಿಹೋದ ತೇವ ಮಾತ್ರ ಬರುವುದಿಲ್ಲ. ಅದಕ್ಕೆ ಗಿಟಾರಿನ ಸುತ್ತಲಿನ ಗಾಳಿಯಲ್ಲಿ ಶೇಕಡಾ 45ರಿಂದ 55ರಷ್ಟು ತೇವಾಂಶ ಇರಬೇಕು. ಒಣಗಾಲದಲ್ಲಿ ಅದನ್ನು ಪೆಟ್ಟಿಗೆಯಲ್ಲಿಟ್ಟು, ಜೊತೆಗೆ ನೀರು ಸೋರದಂತೆ ಡಬ್ಬಿಯಲ್ಲಿಟ್ಟ ಒದ್ದೆ ಸ್ಪಂಜೊಂದನ್ನು ಇಟ್ಟರೆ ಎಣ್ಣೆಗಿಂತ ಹೆಚ್ಚು ಉಪಕಾರ. ಮಂಗಳೂರಿನವರಿಗೆ ಮಳೆಗಾಲದಲ್ಲಿ ಇದರ ತದ್ವಿರುದ್ಧ ಚಿಂತೆ. ಅವರು ಬೂಷ್ಟು ಒರೆಸಿಕೊಂಡರೆ ಸಾಕು.

ಇಷ್ಟೆಲ್ಲ ತಿಳಿದೂ ಭಾನುವಾರ ಬಂತೆಂದರೆ ನಾನು ಹಳೆ ಪಂಚೆ ಹಾಸಿ, ತಂತಿ ಬಿಚ್ಚಿ ಕೂರುತ್ತೇನೆ. ಎಣ್ಣೆ ಮುಟ್ಟುವುದಿಲ್ಲ, ಒಣಬಟ್ಟೆಯಲ್ಲಿ ಒರೆಸುತ್ತೇನೆ. ಒರೆಸುವಷ್ಟು ಹೊತ್ತು ನಾನು ಸಂಗೀತಗಾರನೇ. ಅಪಸ್ವರ ಬರುವ ಭಯವಿಲ್ಲ, ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುವುದಿಲ್ಲ. "ರೀ, ಅದರ ಸ್ನಾನ ಆಯ್ತಲ್ಲ, ಇನ್ನು ಹಾಡಿಸೋದು ಯಾವಾಗ?" ಎನ್ನುತ್ತಾಳೆ ಹೆಂಡತಿ. ತಂತಿ ಹೊಸದು, ಶ್ರುತಿ ನಿಲ್ಲಲು ಒಂದೆರಡು ದಿನ ಬೇಕು ಎನ್ನುತ್ತೇನೆ. ಅದೂ ಸುಳ್ಳಲ್ಲ.

ಇದನ್ನೋದಿ ಎಣ್ಣೆ ಸೀಸೆಗೆ ಕೈಹಾಕುವ ಮುಂಚೆ ನಿಮ್ಮ ಗಿಟಾರನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ. ಹಲಗೆ ತಿಳಿಬಣ್ಣದ್ದಾಗಿ ಗಾಜಿನಂತೆ ಮಿರುಗುತ್ತಿದ್ದರೆ ಅದು ಬಹುಶಃ ಲ್ಯಾಕರ್ ಬಳಿದ ಮೇಪಲ್. ಅದರೊಳಕ್ಕೆ ಎಣ್ಣೆ ಇಳಿಯುವುದಿಲ್ಲ. ನೀರು ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿಬಿಡಿ. ಎಣ್ಣೆಯನ್ನು ತಲೆಗೆ ಹಚ್ಚಿಕೊಳ್ಳಿ.