ಮಿನ್‌ಯುನಿಟ್ ಸೂತ್ರತ್ರಯ ಮೀಮಾಂಸೆ

ಸಿ ಭಾಷೆಯಲ್ಲಿ ಬರೆದ ತಂತ್ರಾಂಶದ ಒಂದೊಂದು ಫಂಕ್ಷನ್ನನ್ನೂ ಬಿಡಿಬಿಡಿಯಾಗಿ ಪರೀಕ್ಷಿಸುವ ‘ಯುನಿಟ್ ಟೆಸ್ಟಿಂಗ್’ ಎಂಬ ಕರ್ಮಕ್ಕೆ ಆಧಾರಗ್ರಂಥವಾದ ಮಿನ್‌ಯುನಿಟ್ ಎಂಬ ಲೈಬ್ರರಿಯಲ್ಲಿ ಇರುವುದು ಒಟ್ಟು ಮೂರೇ ಸಾಲು. 1604ರಲ್ಲಿ ಕನ್ನಡ ವ್ಯಾಕರಣವನ್ನು 592 ಸೂತ್ರಗಳಲ್ಲಿ ಅಡಕಗೊಳಿಸಿದ ಭಟ್ಟಾಕಳಂಕನೇ ಅವಕ್ಕೆ ವೃತ್ತಿಯನ್ನೂ ವ್ಯಾಖ್ಯಾನವನ್ನೂ ಬರೆಯಬೇಕಾಯಿತೆಂದ ಮೇಲೆ, ಭಾಷ್ಯಕಾರನಿಲ್ಲದ ಈ ಮೂರು ಸಾಲುಗಳ ಅನಾಥಸ್ಥಿತಿಯನ್ನು ವಿದ್ವಲ್ಲೋಕವು ಇನ್ನೂ ಸಹಿಸಿಕೊಂಡಿರುವುದು ಉಚಿತವಲ್ಲ.

ಮೊದಲ ಸೂತ್ರವು ‘ಮು_ಅಸರ್ಟ್’ ಎಂಬ ಮ್ಯಾಕ್ರೊ. ಮ್ಯಾಕ್ರೊ ಎಂದರೆ ಕಂಪೈಲರ್ ಅನುವಾದಕ್ಕೆ ಕೂರುವ ಮುನ್ನವೇ ತನ್ನ ಜಾಗದಲ್ಲಿ ಬೇರೊಂದು ಪಠ್ಯವನ್ನು ಕೂರಿಸಿ ತಾನು ಮರೆಯಾಗುವ ಹೆಸರು. ಇದು ಮೊದಲು ದೋಷದ ಸಂದೇಶವನ್ನೂ ಆಮೇಲೆ ಷರತ್ತನ್ನೂ ಸ್ವೀಕರಿಸುವುದರಿಂದ, ತೀರ್ಪು ಬರೆದಿಟ್ಟುಕೊಂಡೇ ವಿಚಾರಣೆಗೆ ತೊಡಗುತ್ತದೆಂಬ ಆಕ್ಷೇಪಕ್ಕೆ ಗುರಿಯಾಗಿದೆ. ಷರತ್ತು ಸುಳ್ಳಾದರೆ ಸಂದೇಶವು ಹಿಂದಿರುಗುತ್ತದೆ. ನಿಜವಾದರೆ ಪರೀಕ್ಷೆ ಮುಂದುವರಿದು ಕೊನೆಗೆ ಸೊನ್ನೆಯನ್ನು ಹಿಂದಿರುಗಿಸುತ್ತದೆ. ಮೌನಂ ಸಮ್ಮತಿಲಕ್ಷಣಂ ಎಂಬ ನ್ಯಾಯವು ಇಲ್ಲಿ ಸಲ್ಲುತ್ತದಾದರೂ, ಸಂದೇಶದ ಜಾಗದಲ್ಲಿ ಖಾಲಿ ಉದ್ಧರಣಚಿಹ್ನೆಗಳನ್ನಷ್ಟೇ ಇಟ್ಟರೆ ಅದು ಸೊನ್ನೆಯಲ್ಲ. ಅದಕ್ಕೂ ಮೆಮೊರಿಯಲ್ಲಿ ಒಂದು ವಿಳಾಸವಿರುವುದರಿಂದ ಪರೀಕ್ಷೆಯು ಕಾರಣವನ್ನೇ ತಿಳಿಸದೆ ನಪಾಸಾಗುತ್ತದೆ.

ಈ ಮ್ಯಾಕ್ರೊ ಮತ್ತು ಮುಂದೆ ಬರುವ ಎರಡನೆಯ ಸೂತ್ರದ ಮ್ಯಾಕ್ರೊ ಎರಡೂ ‘ಡು’ ಎಂದು ಆರಂಭವಾಗಿ ‘ವೈಲ್ ಸೊನ್ನೆ’ ಎಂದು ಮುಗಿಯುತ್ತವೆ, ಅಂದರೆ ಒಂದೇ ಸುತ್ತು ಸುತ್ತಿ ನಿಲ್ಲುವ ಪ್ರತಿಜ್ಞೆಯ ಲೂಪ್ ಇದು. ಒಂದೇ ಸಲ ಆಗುವ ಕೆಲಸಕ್ಕೆ ಲೂಪ್ ಏತಕ್ಕೆಂಬುದು ಪೂರ್ವಪಕ್ಷ. ಮ್ಯಾಕ್ರೊ ಬರಿಯ ‘ಇಫ್’ ಒಂದನ್ನು ಹೊತ್ತು ಬಂದರೆ, ಬ್ರೇಸ್ ಹಾಕಲು ಬೇಸರಪಟ್ಟ ಪ್ರೋಗ್ರಾಮರನು ತನ್ನ ‘ಇಫ್’ಗೆಂದು ಬರೆದ ‘ಎಲ್ಸ್’ ಈ ಹೊಸ ‘ಇಫ್’ಗೆ ಅಂಟಿಕೊಂಡು ಅರ್ಥವೇ ಪಲ್ಲಟವಾದೀತು, ಬರಿಯ ಬ್ರೇಸ್ ಸುತ್ತಿದರೆ ಹಿಂದೆ ಬರುವ ಸೆಮಿಕೋಲನ್ ಅದೇ ‘ಎಲ್ಸ್’ ಅನ್ನು ಅನಾಥಗೊಳಿಸೀತು, ಆದ್ದರಿಂದ ಲೂಪೇ ಗತಿಯೆಂಬುದು ಸಿದ್ಧಾಂತ. ಮೂರು ಸಾಲಿನಲ್ಲಿ ವಿದ್ವತ್ತು ಏನಾದರೂ ಇದ್ದರೆ ಅದು ಇಲ್ಲಿಯೇ ಇದೆ.

ಎರಡನೆಯ ಸೂತ್ರವಾದ ‘ಮು_ರನ್_ಟೆಸ್ಟ್’ ಪರೀಕ್ಷೆಯನ್ನು ನಡೆಸಿ, ಎಣಿಕೆಗೆ ಒಂದನ್ನು ಕೂಡಿಸಿ, ಸಂದೇಶ ಬಂದಿದ್ದರೆ ಅಲ್ಲಿಗೇ ಕೈಬಿಡುತ್ತದೆ. ಮೂಲದ ಉದಾಹರಣೆಯಲ್ಲಿ ‘ಬಾರ್’ ಎಂಬುದರ ಬೆಲೆ 4 ಆಗಿದ್ದು, ಪರೀಕ್ಷೆ ಅದನ್ನು 5 ಎಂದು ಸಾಧಿಸಹೊರಟು ಸೋಲುತ್ತದೆ. ಮೊದಲ ಉದಾಹರಣೆಯಲ್ಲೇ ಸೋಲನ್ನು ತೋರಿಸಿಕೊಡುವ ಶಾಸ್ತ್ರಕಾರರು ಅಪರೂಪ. ಸೋತ ಪರೀಕ್ಷೆಯೂ ಎಣಿಕೆಗೆ ಸೇರುತ್ತದೆ, ಅದರ ನಂತರದವು ಸರತಿಯಲ್ಲೇ ಉಳಿಯುತ್ತವೆ.

ಇಂಥ ಲೈಬ್ರರಿಯಿಂದ ಅತಿಹೆಚ್ಚು ನಷ್ಟಕ್ಕೊಳಗಾದವರು, ಪರೀಕ್ಷಾ ಚೌಕಟ್ಟನ್ನು ಆಯ್ಕೆಮಾಡುವ ಮೀಟಿಂಗು ಇನ್ನೂ ಮುಗಿದಿಲ್ಲವೆಂದು ಪರೀಕ್ಷೆ ಬರೆಯುವುದನ್ನು ಮುಂದೂಡುತ್ತಿದ್ದ ತಂಡಗಳು. ಇನ್‌ಸ್ಟಾಲ್ ಮಾಡಬೇಕಾದ್ದೇ ಇಲ್ಲದ ಮೇಲೆ ಇನ್‌ಸ್ಟಾಲ್ ಆಗುತ್ತಿಲ್ಲವೆನ್ನಲು ಬಾರದು.

ಮೂರನೆಯ ಸೂತ್ರವು ‘ಟೆಸ್ಟ್ಸ್_ರನ್’ ಎಂಬ ಎಣಿಕೆ ಬೇರೆ ಕಡತದಲ್ಲಿದೆಯೆಂದು ಸೂಚಿಸುವ ಘೋಷಣೆ ಮಾತ್ರವಾದ್ದರಿಂದ, ಅದಕ್ಕೆ ಸೂತ್ರತ್ವವೇ ಇಲ್ಲವೆಂದು ವಾದಿಸಬಹುದು. ಆದರೆ ಒಂದೂ ಪರೀಕ್ಷೆಯನ್ನು ಕರೆಯದ ಪ್ರೋಗ್ರಾಮು ಕೂಡ ಯಾವ ದೋಷವನ್ನೂ ಕಾಣದೆ, ಎಲ್ಲ ಪರೀಕ್ಷೆಗಳೂ ಪಾಸಾದವೆಂದು ನಿರ್ವಂಚನೆಯಿಂದ ಮುದ್ರಿಸುತ್ತದೆ. ನಡೆದ ಪರೀಕ್ಷೆಗಳು 0 ಎಂಬ ನಿಜವನ್ನು ಅದರ ಕೆಳಗಿನ ಸಾಲಿನಲ್ಲಿ ಹೇಳುವುದು ಈ ಎಣಿಕೆಯೊಂದೇ, ಮತ್ತು ಮ್ಯಾನೇಜರಿಗೆ ಕಳಿಸುವ ಸ್ಕ್ರೀನ್‌ಶಾಟಿನಲ್ಲಿ ಸಾಮಾನ್ಯವಾಗಿ ಕತ್ತರಿ ಬೀಳುವುದೂ ಆ ಸಾಲಿಗೇ.